ಮಾಡೆಲ್ 7.10 ಅಂದಿತು, ಮೀಟರ್ 6.80 ಅಂದಿತು: ಟೆರೇಸ್ ಆಂಟೆನಾದ ದೋಷ ಹುಡುಕುವ ಬಗೆ

ಮುಂಬೈ ಬಳಿಯ ಡೊಂಬಿವಲಿ ಪೂರ್ವದ ಒಂದು ಸೊಸೈಟಿಯ ಟೆರೇಸ್ ಮೇಲೆ ಕಳೆದ ಏಪ್ರಿಲ್‌ನಲ್ಲಿ ನಾವಿಬ್ಬರು ಮೂರು ಭಾನುವಾರ ಕಳೆದೆವು. ಗೆಳೆಯರು ಕುಂದಾಪುರದ ಕಡೆಯವರು. ಹೊಸದಾಗಿ ಹ್ಯಾಮ್ (ಹವ್ಯಾಸಿ) ರೇಡಿಯೋ ಲೈಸೆನ್ಸ್ ಬಂದಿತ್ತು, ವಿಯು3ಯಿಂದ ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಹೇಳುವ ಗುರುತು, ಸಿಕ್ಕಿತ್ತು. ಬೆಳಗ್ಗೆ ಡ್ಯೂಟಿಗೆ ಹೊರಡುವ ಮೊದಲು 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಆಸುಪಾಸು) ಊರಿನವರ ಜೊತೆ ನಾಲ್ಕು ಮಾತಾಡಬೇಕು, ಅಷ್ಟೇ ಅವರ ಆಸೆ. ಅದಕ್ಕೆ ಇನ್ವರ್ಟೆಡ್ ವಿ ಆಂಟೆನಾ (ನಡುವೆ ಎತ್ತಿ, ಎರಡೂ ತುದಿ ಕೆಳಗೆ ಎಳೆದು ಕಟ್ಟುವ ತಂತಿ) ಒಂದನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ, ಅದು ಹೇಳಿದ ಅಳತೆಗೆ ತಂತಿ ಕತ್ತರಿಸಿ, ಕಟ್ಟಿ ಮುಗಿಸಿದ್ದರು. ಆಮೇಲೆ ನನಗೆ ಫೋನ್ ಬಂತು.

"ಮಾರಾಯ್ರೆ, ಕಂಪ್ಯೂಟರ್ ಒಂದು ಹೇಳ್ತದೆ, ಮೀಟರ್ ಇನ್ನೊಂದು ಹೇಳ್ತದೆ. 7.10ಕ್ಕೆ ಡಿಪ್ ಬರಬೇಕಿತ್ತು, 6.80ಕ್ಕೆ ಬಂದಿದೆ. ಎರಡೂ ಕಡೆ ಅರ್ಧರ್ಧ ಮೀಟರ್ ಕತ್ತರಿಸಿ ಬಿಡ್ಲಾ?"

"ಈಗಲೇ ಕತ್ತರಿಸಬೇಡಿ. ಭಾನುವಾರ ಬರ್ತೇನೆ" ಅಂದೆ.

ಡಿಪ್ ಅಂದರೆ ಮೀಟರಿನ ಗೆರೆ ಕೆಳಗೆ ಬೀಳುವ ಜಾಗ, ಆಂಟೆನಾ ಚೆನ್ನಾಗಿ ಹೊಂದುವ ಫ್ರೀಕ್ವೆನ್ಸಿ; ಅಂಕಿ ಮೆಗಾಹರ್ಟ್ಸ್‌ನಲ್ಲಿ. ಕತ್ತರಿಸಿದರೆ ಡಿಪ್ ಮೇಲೆ ಹೋಗುತ್ತದೆ, ಅದು ನಿಜ. ಆದರೆ 300 ಕಿಲೋಹರ್ಟ್ಸ್ ಯಾಕೆ ಕೆಳಗೆ ಬಂತು ಅನ್ನೋದು ಗೊತ್ತಾಗುವುದಿಲ್ಲ. ಕಾರಣ ತಂತಿಯಲ್ಲಿದ್ದರೆ ಕತ್ತರಿಸಿದ್ದು ಸರಿ. ಕೇಬಲ್‌ನಲ್ಲಿದ್ದರೆ, ನಾಳೆ ಕೇಬಲ್ ಸ್ವಲ್ಪ ಸರಿಸಿದ ಕೂಡಲೇ ಡಿಪ್ ಮತ್ತೆ ಓಡುತ್ತದೆ. ಮಾಡೆಲ್‌ನಲ್ಲಿದ್ದರೆ, ಅದೇ ತಪ್ಪು 80 ಮೀಟರ್ ಆಂಟೆನಾ ಮಾಡುವಾಗ ಇನ್ನೂ ದೊಡ್ಡದಾಗಿ ಎದುರಿಗೆ ಬರುತ್ತದೆ. ಅದಕ್ಕೇ ಒಂದೊಂದನ್ನೇ ಬೇರೆ ಮಾಡಿ ನೋಡಬೇಕು. ನಾವು ನೋಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಜಾಗದ ಲೆಕ್ಕ. ನೆಲದ ಮೇಲೆ ನಾಲ್ಕು ಮಹಡಿ, ಟೆರೇಸ್ ಸ್ಲ್ಯಾಬ್ ನೆಲದಿಂದ 15 ಮೀಟರ್. ಟೆರೇಸ್ ಅಳತೆ 22 ಮೀಟರ್ ಉದ್ದ, 12 ಮೀಟರ್ ಅಗಲ. ನಡುವೆ 6 ಮೀಟರ್ ಜಿಐ ಪೈಪು. ತುದಿಗಳು ಟೆರೇಸ್ ಮೇಲಿಂದ 2 ಮೀಟರ್ ಎತ್ತರದಲ್ಲಿ, ನೈಲಾನ್ ಹಗ್ಗದಿಂದ ಎಳೆದು ಕಟ್ಟಿದ್ದು. ಆಂಟೆನಾದ ಒಂದೊಂದು ಕಾಲು (ನಡುವಿನಿಂದ ತುದಿವರೆಗಿನ ತಂತಿ) 10.25 ಮೀಟರ್. ಲೋಹಾರ್ ಚಾಳ್‌ನಿಂದ ತಂದ ಮನೆ ವೈರಿಂಗ್‌ನ 1.5 ಚದರ ಮಿಲಿಮೀಟರ್ ತಂತಿ. ಕೆಳಗೆ ಎರಡನೇ ಮಹಡಿಯ ಮನೆಗೆ 29 ಮೀಟರ್ ಆರ್‌ಜಿ 58 ಕೇಬಲ್ (ನಡುವೆ ಒಂದು ತಂತಿ, ಸುತ್ತ ತಾಮ್ರದ ಜಾಳಿಗೆ ಇರುವ ಕೋಆಕ್ಸ್ ಕೇಬಲ್).

ಮೊದಲು ಮೀಟರ್ ಸತ್ಯ ಹೇಳುತ್ತಿದೆಯಾ ನೋಡಿ

ನ್ಯಾನೊವಿಎನ್ಎ, ಅಂದರೆ ಆಂಟೆನಾ ಅಳೆಯುವ ಚಿಕ್ಕ ಮೀಟರ್, ಈಗ ಎಷ್ಟೋ ಹ್ಯಾಮ್‌ಗಳ ಕೈಯಲ್ಲಿದೆ. ಒಳ್ಳೆಯ ಸಾಧನ. ಆದರೆ ಹಿಂದೆ ಯಾವಾಗಲೋ ಬೇರೆ ಬ್ಯಾಂಡಿಗೆ ಮಾಡಿದ ಕ್ಯಾಲಿಬ್ರೇಶನ್ ಅದರ ಮೆಮೊರಿಯಲ್ಲಿ ಕೂತಿರುತ್ತದೆ. ಅದನ್ನು ಹಾಗೇ ಬಳಸಿದರೆ ಅಂಕಿ ತಪ್ಪುತ್ತದೆ. ಮೊದಲು 6ರಿಂದ 8 ಮೆಗಾಹರ್ಟ್ಸ್‌ಗೆ ರೇಂಜ್ ಇಡಿ. ಹಳೆಯ ಕ್ಯಾಲಿಬ್ರೇಶನ್ ಅಳಿಸಿ. ಓಪನ್, ಶಾರ್ಟ್, ಲೋಡ್ ಮೂರನ್ನೂ ಹೊಸದಾಗಿ ಮಾಡಿ. ಮುಗಿದ ಮೇಲೆ 50 ಓಮ್ ಲೋಡನ್ನು ಮತ್ತೆ ಸಿಕ್ಕಿಸಿ ನೋಡಿ. ಎಸ್‌ಡಬ್ಲ್ಯುಆರ್ (ಕಳಿಸಿದ ಸಿಗ್ನಲ್ ಎಷ್ಟು ತಿರುಗಿ ಬರುತ್ತದೆ ಅನ್ನೋದರ ಅಳತೆ, 1 ಅಂದರೆ ಏನೂ ಬರುವುದಿಲ್ಲ) ಗೆರೆ ತಳದಲ್ಲಿ ನೇರವಾಗಿ ಮಲಗಿರಬೇಕು.

ಗೆಳೆಯರ ಮೀಟರ್ ಸರಿಯಾಗಿಯೇ ಇತ್ತು. ಐದು ನಿಮಿಷದ ಕೆಲಸ, ಒಂದು ಅನುಮಾನ ಕಳೆಯಿತು.

ಆಮೇಲೆ ಕೇಬಲ್

ಬಹಳ ಜನ ಕೇಬಲ್ ಪರೀಕ್ಷೆಗೆ ಮಲ್ಟಿಮೀಟರ್ ಹಿಡಿದು ಶಾರ್ಟ್ ಇಲ್ಲ, ಓಪನ್ ಇಲ್ಲ ಅಂತ ನೋಡಿ ಬಿಡುತ್ತಾರೆ. ಅಷ್ಟು ಸಾಲದು. ಮುಂಬೈ ಮಳೆಯಲ್ಲಿ ಒಂದು ವರ್ಷ ಕಳೆದ ಕೇಬಲ್ ಮಲ್ಟಿಮೀಟರ್‌ನಲ್ಲಿ ಪಾಸಾಗುತ್ತದೆ, ರೇಡಿಯೋ ಪವರ್ ಹೋಗುವಾಗ ಫೇಲಾಗುತ್ತದೆ.

ನಾನು ಮಾಡುವ ಪರೀಕ್ಷೆ ಇದು. ಮೇಲಿನ ತುದಿಯಿಂದ ಆಂಟೆನಾ ಬಿಚ್ಚಿ, ಆ ತುದಿಯನ್ನು ಸುಮ್ನೆ ಓಪನ್ ಬಿಡಿ. ಕೆಳಗೆ ನ್ಯಾನೊವಿಎನ್ಎಯಲ್ಲಿ ರಿಟರ್ನ್ ಲಾಸ್ ಓದಿ, ಅಂದರೆ ತಿರುಗಿ ಬಂದ ಸಿಗ್ನಲ್ ಎಷ್ಟು ಡಿಬಿ (ಡೆಸಿಬೆಲ್) ಕಡಿಮೆಯಾಗಿದೆ ಅಂತ. ಹೋದ ಸಿಗ್ನಲ್ ಪೂರ್ತಿ ತಿರುಗಿ ಬರುತ್ತದೆ, ಅಂದರೆ ಕೇಬಲ್‌ನಲ್ಲಿ ಎರಡು ಸಲ ಸಾಗಿರುತ್ತದೆ. ಬಂದ ಅಂಕಿಯನ್ನು ಎರಡರಿಂದ ಭಾಗಿಸಿದರೆ ಒಂದು ಕಡೆಯ ನಷ್ಟ ಸಿಗುತ್ತದೆ. ಒಳ್ಳೆಯ ಆರ್‌ಜಿ 58ಕ್ಕೆ 7 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಸುಮಾರು 4 ಡಿಬಿ ನಷ್ಟ. 29 ಮೀಟರಿಗೆ 1.2 ಡಿಬಿ ಆಸುಪಾಸು ಇರಬೇಕು, ರಿಟರ್ನ್ ಲಾಸ್ 2.4ರ ಹತ್ತಿರ ಬರಬೇಕು.

ನಮಗೆ ಬಂದದ್ದು 4.4 ಡಿಬಿ. ಟೆರೇಸ್ ಕಡೆಯ ಕನೆಕ್ಟರ್ ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ಜಾಳಿಗೆ ಕಪ್ಪಾಗಿತ್ತು. ಹಿಂದಿನ ವರ್ಷ ಬೇರೆ ಕಡೆ ಬಳಸಿದ್ದ ಕೇಬಲ್ ಅದು, ನೀರು ಇಳಿದಿತ್ತು. ಮೇಲಿಂದ ಸ್ವಲ್ಪ ಸ್ವಲ್ಪ ಸುಲಿಯುತ್ತಾ ಹೋದೆವು. ಒಂದು ಮೀಟರ್ ಆದ ಮೇಲೆ ತಾಮ್ರ ಮತ್ತೆ ಹೊಳೆಯಿತು. ಅಲ್ಲಿಗೆ ಕತ್ತರಿಸಿ, ಲ್ಯಾಮಿಂಗ್ಟನ್ ರೋಡಿನಿಂದ ತಂದಿದ್ದ ಹೊಸ ಪಿಎಲ್ 259 ಕನೆಕ್ಟರ್ ಹಾಕಿ ಬೆಸುಗೆ ಮಾಡಿದೆವು. ಈಗ 2.4 ಬಂತು.

ಮತ್ತೆ ಆಂಟೆನಾ ಜೋಡಿಸಿ ನೋಡಿದಾಗ ಗೆಳೆಯರ ಮುಖ ಸಪ್ಪಗಾಯಿತು. ಡಿಪ್ ಅಲ್ಲೇ 6.80ರಲ್ಲಿ. ಆದರೆ ಡಿಪ್‌ನ ತಳದಲ್ಲಿ ಎಸ್‌ಡಬ್ಲ್ಯುಆರ್ 1.45 ಇದ್ದದ್ದು 1.6ಕ್ಕೆ ಏರಿತ್ತು. "ಸರಿ ಮಾಡಿದ ಮೇಲೆ ಹಾಳಾಯ್ತಲ್ಲ" ಅಂದರು.

ಹಾಳಾಗಿರಲಿಲ್ಲ. ಇದು ಹೊಸಬರಿಗೆ ಬಿಡಿಸಿ ಹೇಳಬೇಕಾದ ವಿಷಯ. ಕೇಬಲ್ ಪವರ್ ನುಂಗಿದರೆ ತಿರುಗಿ ಬರುವ ಸಿಗ್ನಲ್ ಕಡಿಮೆಯಾಗುತ್ತದೆ, ಹಾಗಾಗಿ ಕೆಳಗೆ ಎಸ್‌ಡಬ್ಲ್ಯುಆರ್ ಚೆನ್ನಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: ಆಂಟೆನಾದ ಬುಡದಲ್ಲಿ (ಕೇಬಲ್ ಬಂದು ಸೇರುವ ಜಾಗದಲ್ಲಿ) 3 ಇರುವ ಎಸ್‌ಡಬ್ಲ್ಯುಆರ್, 2.2 ಡಿಬಿ ನಷ್ಟದ ಕೇಬಲ್ ದಾಟಿ ಬಂದರೆ ಮನೆಯಲ್ಲಿ 1.9 ಅಂತ ತೋರಿಸುತ್ತದೆ. ನಷ್ಟ ಇನ್ನೂ ಜಾಸ್ತಿಯಾದರೆ ಯಾವ ಆಂಟೆನಾ ಆದರೂ ಚೆನ್ನಾಗಿದೆ ಅನಿಸುತ್ತದೆ. ಎಸ್‌ಡಬ್ಲ್ಯುಆರ್ ಚೆನ್ನಾಗಿದೆ, ಆದರೆ ಯಾರಿಗೂ ಕೇಳಿಸುತ್ತಿಲ್ಲ ಅನ್ನೋ ದೂರು ಬಂದರೆ ನಾನು ಮೊದಲು ನೋಡುವುದು ಕೇಬಲ್ಲನ್ನೇ.

ಇನ್ನೊಂದು ಮಾತು. ಕತ್ತರಿಸುವಾಗ ಬೇಕೆಂದೇ 27.9 ಮೀಟರ್ ಇಟ್ಟೆವು. ಗಟ್ಟಿ ಪಾಲಿಥೀನ್ ತುಂಬಿದ ಆರ್‌ಜಿ 58ರಲ್ಲಿ ಸಿಗ್ನಲ್ ಬೆಳಕಿನ ವೇಗದ 0.66 ಪಾಲಿನಲ್ಲಿ ಸಾಗುತ್ತದೆ. ಆ ಲೆಕ್ಕದಲ್ಲಿ 27.9 ಮೀಟರ್ ಅಂದರೆ 7.1 ಮೆಗಾಹರ್ಟ್ಸ್‌ಗೆ ಒಂದು ಪೂರ್ತಿ ಅಲೆ, 3.55ಕ್ಕೆ ಅರ್ಧ ಅಲೆ. ಅರ್ಧ ಅಲೆಯ ಲೆಕ್ಕದಲ್ಲಿ ಉದ್ದ ಇಟ್ಟರೆ ಮೇಲಿನ ಇಂಪೀಡೆನ್ಸ್ (ಆಂಟೆನಾ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಹೆಚ್ಚುಕಡಿಮೆ ಹಾಗೇ ಕೆಳಗೆ ಕಾಣುತ್ತದೆ. ಆಂಟೆನಾ ಕೆಲಸ ಮಾಡಲು ಇದು ಬೇಕಾಗಿಲ್ಲ, ಅಳೆಯುವವರಿಗೆ ಅನುಕೂಲ ಅಷ್ಟೇ. ಫೋಮ್ ತುಂಬಿದ ಕೇಬಲ್ ಆದರೆ ಈ ಉದ್ದ ಬೇರೆ.

ಕೇಬಲ್ ತಾನೂ ಆಂಟೆನಾ ಆಗಿದೆಯಾ?

ಡೈಪೋಲ್‌ನ (ನಮ್ಮದರಂಥ ಎರಡು ಕಾಲಿನ ಆಂಟೆನಾದ) ಎರಡು ಕಾಲಿಗೆ ಹೋಗಬೇಕಾದ ಕರೆಂಟು ಕೇಬಲ್‌ನ ಹೊರಮೈ ಮೇಲೂ ಇಳಿದು ಬರಬಹುದು. ಆಗ ಕೇಬಲ್ ಮೂರನೇ ಕಾಲು ಆಗುತ್ತದೆ. ಮಾಡೆಲ್‌ನಲ್ಲಿ ಈ ಮೂರನೇ ಕಾಲು ಇರುವುದಿಲ್ಲ. ಮಾಡೆಲ್ಲಿಗೂ ಮೀಟರಿಗೂ ಜಗಳ ಬಂದಾಗ ಇದು ದೊಡ್ಡ ಅನುಮಾನ.

ಕಂಡುಹಿಡಿಯುವುದು ಸುಲಭ. ನ್ಯಾನೊವಿಎನ್ಎ ನೋಡುತ್ತಾ ಇನ್ನೊಬ್ಬರು ಟೆರೇಸ್ ಮೇಲೆ ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿಯಲಿ, ರೇಲಿಂಗ್‌ನಿಂದ ಒಂದು ಅಡಿ ಎತ್ತಲಿ. ಟ್ರಾನ್ಸ್‌ಮಿಟರ್ ಆನ್ ಇರುವಾಗ ಈ ಕೆಲಸ ಬೇಡವೇ ಬೇಡ, ಸುಡುತ್ತದೆ. ಡಿಪ್ ಕದಲಿದರೆ ಹೊರಮೈಯಲ್ಲಿ ಕರೆಂಟಿದೆ. ಇನ್ನೊಂದು ದಾರಿಯೂ ಇದೆ: ಎರಡು ಮೂರು ಮೀಟರ್ ಹೆಚ್ಚುವರಿ ಕೇಬಲ್ ಸೇರಿಸಿ ನೋಡಿ. ಒಳ್ಳೆಯ ಕೇಬಲ್‌ನಲ್ಲಿ ಉದ್ದ ಬದಲಾದರೂ ಎಸ್‌ಡಬ್ಲ್ಯುಆರ್ ಬದಲಾಗಬಾರದು. ಬದಲಾಯಿತೋ, ಹೊರಮೈ ಕರೆಂಟನ್ನೇ ಹಿಡಿಯಿರಿ.

ನಮ್ಮಲ್ಲಿ ಕೇಬಲ್ ಪ್ಯಾರಪೆಟ್ ಗೋಡೆಯ ಜಿಐ ರೇಲಿಂಗ್‌ಗೆ ಕಟ್ಟಿಕೊಂಡೇ ಹೋಗಿತ್ತು. ಗೆಳೆಯರ ಮಗಳು ಕೇಬಲ್ ಹಿಡಿದು ಎತ್ತಿದಾಗ ಡಿಪ್ 30 ಕಿಲೋಹರ್ಟ್ಸ್ ಓಡಿತು.

ಪರಿಹಾರ, ಆಂಟೆನಾದ ಬುಡದಲ್ಲೇ ಹೊರಮೈ ಕರೆಂಟನ್ನು ತಡೆಯುವ ಒಂದು ಚೋಕ್. 43 ನಂಬರಿನ ಫೆರೈಟ್, 2.4 ಇಂಚು ಹೊರವ್ಯಾಸದ ರಿಂಗ್ ಮೇಲೆ ತೆಳು ಕೋಆಕ್ಸ್ ಕೇಬಲ್‌ನ 12 ಸುತ್ತು. 40 ಮೀಟರಿಗೆ ಇದು ಸಾಕು. 80 ಮತ್ತು 160 ಮೀಟರ್ ಮನಸ್ಸಿನಲ್ಲಿದ್ದರೆ 31 ನಂಬರ್ ಮೇಲು. ಪಿವಿಸಿ ಪೈಪಿನ ಮೇಲೆ ಕೇಬಲ್ ಸುತ್ತಿ ಮಾಡುವ ಚೋಕ್‌ಗಳನ್ನು ಮೇಲಿನ ಬ್ಯಾಂಡುಗಳಲ್ಲಿ ಬಳಸುತ್ತಾರೆ. ಕೆಳಗಿನ ಬ್ಯಾಂಡುಗಳಿಗೆ ಅವನ್ನು ನಾನು ಹೇಳುವುದಿಲ್ಲ, ತಡೆ ಸಾಲುವುದಿಲ್ಲ.

ಅಂಗಡಿಯಲ್ಲಿ ಸಿಗುವ ಗುರುತಿಲ್ಲದ ರಿಂಗ್‌ಗಳ ವಿಷಯದಲ್ಲಿ ಜಾಗ್ರತೆ. ನೋಡಲು ಎಲ್ಲ ಒಂದೇ ಥರ ಕಪ್ಪು. ಸುತ್ತಿದ ಮೇಲೆ ಪರೀಕ್ಷೆ ಮಾಡಿ: ಚೋಕ್‌ನ ಒಂದು ತುದಿಯ ಹೊರ ಜಾಳಿಗೆಯನ್ನು ನ್ಯಾನೊವಿಎನ್ಎಯ ಒಂದನೇ ಪೋರ್ಟಿನ ನಡು ಪಿನ್ನಿಗೆ, ಇನ್ನೊಂದು ತುದಿಯ ಜಾಳಿಗೆಯನ್ನು ಎರಡನೇ ಪೋರ್ಟಿನ ನಡು ಪಿನ್ನಿಗೆ ಜೋಡಿಸಿ. ಸಿಗ್ನಲ್ 20 ಡಿಬಿ ಇಳಿದರೆ ತಡೆ ಸುಮಾರು 900 ಓಮ್. 30 ಡಿಬಿ ಇಳಿದರೆ 3000 ಓಮ್. ಎರಡನೆಯದರ ಹತ್ತಿರ ಬರಬೇಕು. ನಮ್ಮ ಮೊದಲ ರಿಂಗ್ 11 ಡಿಬಿ ಕೂಡ ದಾಟಲಿಲ್ಲ, ಪಕ್ಕಕ್ಕಿಟ್ಟೆವು. ಎರಡನೆಯದು 29 ಕೊಟ್ಟಿತು.

ಚೋಕ್ ಹಾಕಿ, ಕೇಬಲ್ಲನ್ನು ರೇಲಿಂಗ್‌ನಿಂದ ಬಿಡಿಸಿ, ಪೈಪಿನ ಬುಡದಿಂದ ನೇರ ಕೆಳಗೆ ಇಳಿಸಿದೆವು. ಡಿಪ್ 6.84ಕ್ಕೆ ಬಂದು ನಿಂತಿತು. ಈಗ ಹಿಡಿದರೂ, ಎತ್ತಿದರೂ ಕದಲಲಿಲ್ಲ. ಮೊದಲ ಭಾನುವಾರ ಅಲ್ಲಿಗೆ ಮುಗಿಯಿತು. 300 ಕಿಲೋಹರ್ಟ್ಸ್ ತಪ್ಪಿನಲ್ಲಿ 40 ಇಲ್ಲಿ ಸಿಕ್ಕಿತು. ಉಳಿದ 260ಕ್ಕೆ ಕಂಪ್ಯೂಟರ್ ತೆರೆಯಬೇಕಾಯಿತು.

ಮಾಡೆಲ್ ಒಳಗೆ ಹುಡುಕಾಟ

ನಾವು ಬಳಸುವ ಬಹಳಷ್ಟು ಪ್ರೋಗ್ರಾಮ್‌ಗಳ ಒಳಗೆ ಇರುವುದು ನೆಕ್-2 ಎಂಬ ಲೆಕ್ಕದ ಯಂತ್ರ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 1981ರಲ್ಲಿ ಸಿದ್ಧವಾದದ್ದು. 4ನೆಕ್2, ಈಝೀನೆಕ್ ಎರಡೂ ಅದರ ಮೇಲೆ ನಿಂತಿವೆ. ಈಝೀನೆಕ್ 2022ರಿಂದ ಉಚಿತ. ಎಂಮಾನಾ-ಗಾಲ್ ಬೇರೆ ಮನೆಯದು, ಮಿನಿನೆಕ್ ಎಂಬ ಚಿಕ್ಕ ಯಂತ್ರದಿಂದ ಬಂದದ್ದು. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಎಲ್ಲವೂ ತಂತಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನಲ್ಲಿ ಎಷ್ಟು ಕರೆಂಟು ಅಂತ ಲೆಕ್ಕ ಹಾಕುತ್ತವೆ. ನಾವು ಬರೆಯದೇ ಇದ್ದ ವಸ್ತು ಆ ಲೋಕದಲ್ಲಿ ಇಲ್ಲವೇ ಇಲ್ಲ. ಟೆರೇಸ್ ಬರೆಯದಿದ್ದರೆ ಟೆರೇಸ್ ಇಲ್ಲ. ತಂತಿಯ ಪ್ಲಾಸ್ಟಿಕ್ ಬರೆಯದಿದ್ದರೆ ಅದು ಬರೀ ತಾಮ್ರ.

ಟೈಪಿಂಗ್ ತಪ್ಪುಗಳನ್ನು ಮೊದಲು ಕಳೆಯೋಣ. ಎರಡು ತಂತಿ ಸೇರುವಲ್ಲಿ ಅಂಕಿಗಳು ಒಂದೇ ಆಗಿರಬೇಕು. 9.44 ಇರುವಲ್ಲಿ 9.4 ಬರೆದರೆ ಕಣ್ಣಿಗೆ ಸೇರಿದಂತೆ ಕಂಡರೂ ಲೆಕ್ಕದಲ್ಲಿ ಬಿಟ್ಟುಹೋಗಿದೆ. ಕರೆಂಟಿನ ಚಿತ್ರ ತೆರೆದು ನೋಡಿ, ಸೇರದ ಜಾಗದಲ್ಲಿ ಕರೆಂಟು ಸೊನ್ನೆಗೆ ಬೀಳುತ್ತದೆ. ತಂತಿಯ ದಪ್ಪ ಕೇಳುವಾಗ ಈಝೀನೆಕ್ ವ್ಯಾಸ ಕೇಳುತ್ತದೆ, 4ನೆಕ್2 ಮತ್ತು ಎಂಮಾನಾ ತ್ರಿಜ್ಯ ಕೇಳುತ್ತವೆ. ಇಷ್ಟು ತೆಳು ತಂತಿಯಲ್ಲಿ ಇದು ತಪ್ಪಿದರೂ ಡಿಪ್ ಹೆಚ್ಚು ಸರಿಯುವುದಿಲ್ಲ, ಆದರೂ ಸರಿ ಬರೆಯಿರಿ. ಒಂದು ಅರ್ಧ ಅಲೆಯ ತಂತಿಗೆ ಕಡಿಮೆ ಅಂದರೆ ಹತ್ತು ತುಂಡು ಬೇಕು. ನಾನು ಇಪ್ಪತ್ತೊಂದು ಇಡುತ್ತೇನೆ.

ಇನ್ವರ್ಟೆಡ್ ವಿಗೆ ಮಾತ್ರ ಬರುವ ಒಂದು ತೊಂದರೆ ಇದೆ. ನೆಕ್-2ರಲ್ಲಿ ಸಿಗ್ನಲ್ ಕೊಡುವ ಜಾಗ ಒಂದು ತುಂಡಿನ ನಡುವೆ ಇರಬೇಕು. ಎರಡು ತಂತಿ ಕೋನದಲ್ಲಿ ಸೇರುವ ತುದಿಯಲ್ಲಿ ಇಡಲು ಆಗುವುದಿಲ್ಲ. ಒಂದೇ ಕಾಲಿನ ಮೊದಲ ತುಂಡಿನಲ್ಲಿ ಇಟ್ಟರೆ ಆಂಟೆನಾ ವಾರೆಯಾಗುತ್ತದೆ. ಕಾಲುಗಳು ಸೇರುವ ನೆತ್ತಿಯಲ್ಲಿ ಮೂರು ತುಂಡಿನ ಒಂದು ಚಿಕ್ಕ ಅಡ್ಡ ತಂತಿ ಹಾಕಿ, ಅದರ ನಡುತುಂಡಿಗೆ ಸಿಗ್ನಲ್ ಕೊಡಿ. ಕಾಲುಗಳ ತುಂಡೂ ಅದೇ ಅಳತೆಯ ಹತ್ತಿರ ಇರಲಿ. ಈಝೀನೆಕ್‌ನಲ್ಲಿ ಸ್ಪ್ಲಿಟ್ ಸೋರ್ಸ್ ಅಂತ ಇದಕ್ಕೇ ಒಂದು ಸೌಕರ್ಯ ಇದೆ. ಗೆಳೆಯರು ಇದನ್ನೆಲ್ಲ ಸರಿಯಾಗಿಯೇ ಮಾಡಿದ್ದರು. ಮನಸ್ಸಿಟ್ಟು ಮಾಡಿದ ಕೆಲಸ ಅಂತ ಕಂಡಿತು.

ಹಾಗಾದರೆ 260 ಕಿಲೋಹರ್ಟ್ಸ್ ಎಲ್ಲಿ?

ಪ್ಲಾಸ್ಟಿಕ್ ಹೊದಿಕೆ. ಮನೆ ವೈರಿಂಗ್ ತಂತಿಯ ಪಿವಿಸಿ, ತಂತಿಯ ಮೇಲೆ ಹೋಗುವ ಅಲೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ. ಅಂದರೆ ತಂತಿ ತನ್ನ ಅಳತೆಗಿಂತ ಉದ್ದ ಇದ್ದ ಹಾಗೆ ನಡೆದುಕೊಳ್ಳುತ್ತದೆ. ಇಂಥ ತಂತಿಗಳಲ್ಲಿ 2ರಿಂದ 5 ಪರ್ಸೆಂಟ್ ಇಳಿಕೆ ಸಾಮಾನ್ಯ. ಈಝೀನೆಕ್‌ನಲ್ಲಿ ಹೊದಿಕೆಗೆ ಬೇರೆ ಕಾಲಂ ಇದೆ: ಎಷ್ಟು ದಪ್ಪ, ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ (ಹೊದಿಕೆ ಅಲೆಯನ್ನು ನಿಧಾನ ಮಾಡುವ ಗುಣದ ಅಂಕಿ) ಎಷ್ಟು. ವರ್ನಿಯರ್‌ನಿಂದ ಅಳೆದು 0.7 ಮಿಲಿಮೀಟರ್ ದಪ್ಪ, ಕಾನ್‌ಸ್ಟಂಟ್ 3.5 ಅಂತ ಕೊಟ್ಟೆವು. ಡಿಪ್ 7.10ರಿಂದ 6.90ಕ್ಕೆ ಇಳಿಯಿತು. ಒಂದೇ ಏಟಿಗೆ 200 ಕಿಲೋಹರ್ಟ್ಸ್.

ಹಳೆಯ ಹ್ಯಾಮ್‌ಗಳು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ ಅರ್ಧ ಅಲೆಯ ಉದ್ದ ಹೇಳುತ್ತಿದ್ದರು. 7.1ಕ್ಕೆ ಅದು 20.1 ಮೀಟರ್. ಗೆಳೆಯರ ಬರೀ ತಾಮ್ರದ ಮಾಡೆಲ್ 20.5 ಅಂದಿತ್ತು. ಕೊನೆಗೆ ನಮಗೆ ಬೇಕಾದದ್ದು 19.75. ಬಾಯಿಲೆಕ್ಕವನ್ನು ಯಾರೂ ಹಗುರವಾಗಿ ಕಾಣಬಾರದು ಅಂತ ನನಗನಿಸುತ್ತದೆ.

ಟೆರೇಸೇ ನೆಲ

ಇನ್ನೂ 60 ಕಿಲೋಹರ್ಟ್ಸ್ ಬಾಕಿ. ಅದಕ್ಕಿಂತ ಕಾಡುತ್ತಿದ್ದದ್ದು ಇಂಪೀಡೆನ್ಸ್. ಮೀಟರನ್ನು ಟೆರೇಸಿಗೇ ಒಯ್ದು, ಗಿಡ್ಡ ಕೇಬಲ್‌ನಲ್ಲಿ ಆಂಟೆನಾದ ಬುಡದಲ್ಲೇ ಅಳೆದರೆ 27 ಓಮ್. ಮಾಡೆಲ್ ಹೇಳಿದ್ದು 60.

ಗೆಳೆಯರು ಮೊದಲೇ ಒಂದು ಪ್ರಯತ್ನ ಮಾಡಿದ್ದರು. ಡೊಂಬಿವಲಿಯ ಬಳಿ ಉಲ್ಹಾಸ್ ನದಿ, ಖಾಡಿಯ ಉಪ್ಪುನೀರು, ಕೆಸರು ನೆಲ. ಹಾಗಾಗಿ ಮಾಡೆಲ್‌ನಲ್ಲಿ ನೆಲದ ಗುಣ ಬದಲಿಸಿದ್ದರು. ಸಾಮಾನ್ಯ ನೆಲಕ್ಕೆ ಮೀಟರಿಗೆ 0.005 ಸೀಮೆನ್ಸ್ (ವಿದ್ಯುತ್ ಹರಿಯಗೊಡುವ ಗುಣದ ಅಳತೆ), ಸಮುದ್ರದ ನೀರಿಗೆ 5. ಯಾವುದನ್ನು ಹಾಕಿದರೂ ಡಿಪ್ ಅಲ್ಲಾಡಲಿಲ್ಲ. ಅಲ್ಲಾಡುವುದೂ ಇಲ್ಲ. 17ರಿಂದ 21 ಮೀಟರ್ ಕೆಳಗಿರುವ ನೆಲ ಈ ತಂತಿಗೆ ದೂರದ ನೆಂಟ. ಉಪ್ಪುನೀರು ಸಹಾಯ ಮಾಡುವುದು ನೆಟ್ಟಗೆ ನಿಂತ ಆಂಟೆನಾದ ದೂರ ಹೋಗುವ ಸಿಗ್ನಲ್‌ಗೆ.

ತಂತಿಯ ಹತ್ತಿರ ಇರುವುದು ಸ್ಲ್ಯಾಬ್. ಆರ್‌ಸಿಸಿ ಸ್ಲ್ಯಾಬ್ ಅಂದರೆ ಒಳಗೆ ಅಡ್ಡ ಉದ್ದ ಹೆಣೆದ ಕಬ್ಬಿಣದ ಸರಳು, ಗೇಣಿಗೊಂದರಂತೆ. 42 ಮೀಟರ್ ಉದ್ದದ ಅಲೆಗೆ ಆ ತೂತುಗಳು ಕಾಣುವುದೇ ಇಲ್ಲ, ಹಾಸಿದ ತಗಡಿನ ಹಾಗೆ ಕಾಣುತ್ತದೆ. ತುದಿಗಳು ಅದರಿಂದ ಎರಡೇ ಮೀಟರ್ ಮೇಲೆ. ಅಂದರೆ ಗೆಳೆಯರು 21 ಮೀಟರ್ ಎತ್ತರದ ಆಂಟೆನಾ ಅಂದುಕೊಂಡಿದ್ದು, ತನ್ನ ಲೆಕ್ಕದಲ್ಲಿ 2ರಿಂದ 6 ಮೀಟರ್ ಎತ್ತರದ್ದು.

ಮಾಡೆಲ್‌ನಲ್ಲಿ ಸ್ಲ್ಯಾಬನ್ನು ತಂತಿಯ ಬಲೆಯಾಗಿ ಬರೆದೆವು. 22ಕ್ಕೆ 12 ಮೀಟರ್, ಎರಡೆರಡು ಮೀಟರಿಗೆ ಒಂದು ತಂತಿ, ಗಂಟುಗಳಲ್ಲಿ ಎಲ್ಲ ಸೇರಿಸಿ, 15 ಮೀಟರ್ ಎತ್ತರದಲ್ಲಿ. ಬಲೆಯ ಕಣ್ಣು ಅಲೆಯ ಹತ್ತನೇ ಒಂದಕ್ಕಿಂತ ಸಣ್ಣದಿದ್ದರೆ ಆಯಿತು. ಒಟ್ಟು 149 ತುಂಡು, ಹಳೆಯ ಲ್ಯಾಪ್‌ಟಾಪಿನಲ್ಲೂ ಕ್ಷಣದಲ್ಲಿ ಮುಗಿಯುತ್ತದೆ. ಡಿಪ್ 6.83ಕ್ಕೆ ಇಳಿಯಿತು. ಇಂಪೀಡೆನ್ಸ್ 25 ಓಮ್.

ಟೆರೇಸ್ ಮೇಲೆ ಅಳೆದದ್ದು 6.84, 27 ಓಮ್. ಲ್ಯಾಪ್‌ಟಾಪಿನ ಅಂಕಿಯನ್ನೂ ನೋಟ್‌ಬುಕ್ಕಿನ ಅಂಕಿಯನ್ನೂ ಗೆಳೆಯರು ಮೂರು ಸಲ ನೋಡಿದರು. ಆ ಮಧ್ಯಾಹ್ನ ಬಿಸಿಲು ಸುಡುತ್ತಿದ್ದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಎಲ್ಲ ಕಟ್ಟಡದಲ್ಲೂ ಇಷ್ಟು ಹತ್ತಿರ ಬರುತ್ತದೆ ಅಂತ ತಿಳಿಯಬೇಡಿ. ಸರಳುಗಳು ಒಂದಕ್ಕೊಂದು ಎಷ್ಟು ಚೆನ್ನಾಗಿ ಮುಟ್ಟಿಕೊಂಡಿವೆ, ಕಾಂಕ್ರೀಟು ಎಷ್ಟು ನುಂಗುತ್ತದೆ, ಮಾಡೆಲ್‌ಗೆ ಗೊತ್ತಿಲ್ಲ. ಬಲೆ ಹಾಕಿ ಒಂದು ಸಲ, ಹಾಕದೆ ಒಂದು ಸಲ ಓಡಿಸಿ. ನಿಜ ಅವೆರಡರ ನಡುವೆ ಎಲ್ಲೋ ಇರುತ್ತದೆ. ಅಳೆದದ್ದು ಆ ಎರಡರ ಹೊರಗೆ ಬಿದ್ದರೆ ಮಾತ್ರ ಬೇರೆ ದೋಷ ಹುಡುಕಿ.

ಈಗ ಕತ್ತರಿಸಬಹುದು

ಲೆಕ್ಕ ಸರಳ. ಈಗಿನ ಉದ್ದವನ್ನು ಅಳೆದ ಡಿಪ್‌ನಿಂದ ಗುಣಿಸಿ, ಬೇಕಾದ ಡಿಪ್‌ನಿಂದ ಭಾಗಿಸಿ. 20.5 ಗುಣಿಸು 6.84 ಭಾಗಿಸು 7.10, ಬಂದದ್ದು 19.75 ಮೀಟರ್. ಕಾಲಿಗೆ 37 ಸೆಂಟಿಮೀಟರ್ ಕಡಿಮೆ. ಮೊದಲು 30 ಸೆಂಟಿಮೀಟರ್ ಹಿಂದಕ್ಕೆ ಮಡಚಿ ಕಟ್ಟಿ ನೋಡಿದೆವು. ಪ್ಲಾಸ್ಟಿಕ್ ತಂತಿಯಲ್ಲಿ ಮಡಚಿದ್ದಕ್ಕೂ ಕತ್ತರಿಸಿದ್ದಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ಆದರೆ ದಿಕ್ಕು ಸರಿ ಅಂತ ಖಾತ್ರಿ ಆಗುತ್ತದೆ. ಆಮೇಲೆ ಕತ್ತರಿಸಿದೆವು. ಡಿಪ್ 7.09.

27 ಓಮ್ ಹಾಗೇ ಉಳಿಯಿತು, ರಿಗ್ (ರೇಡಿಯೋ ಸೆಟ್) ಹತ್ತಿರ ಎಸ್‌ಡಬ್ಲ್ಯುಆರ್ 1.6. ಅದನ್ನು ಹಾಗೇ ಬಿಟ್ಟೆವು. ಟೆರೇಸಿಗೆ ಇಷ್ಟು ಹತ್ತಿರ ಇರುವ ಆಂಟೆನಾದ ಗುಣ ಅದು. ಹೆಚ್ಚಿನ ಸಿಗ್ನಲ್ ಮೇಲಕ್ಕೆ ಹೋಗುತ್ತದೆ ಅಂತ ಮಾಡೆಲ್ ತೋರಿಸುತ್ತದೆ. ಗೆಳೆಯರಿಗೆ ಅದು ಬೇಸರ ತಂದಿತ್ತು. ಆದರೆ ಕುಂದಾಪುರ ಇಲ್ಲಿಂದ ನೇರ ದಾರಿಯಲ್ಲಿ ಆರುನೂರು ಕಿಲೋಮೀಟರ್ ಚಿಲ್ಲರೆ. ಸುಮಾರು 300 ಕಿಲೋಮೀಟರ್ ಎತ್ತರದ ಅಯಾನು ಪದರಕ್ಕೆ ತಾಗಿ ಅಲ್ಲಿ ಇಳಿಯಬೇಕಾದರೆ ಸಿಗ್ನಲ್ 40 ಡಿಗ್ರಿ ಆಸುಪಾಸು ಮೇಲಕ್ಕೆ ಹೊರಡಬೇಕು. ಹುಬ್ಬಳ್ಳಿಗೆ ಇನ್ನೂ ಮೇಲಕ್ಕೆ. ಪ್ಯಾಟರ್ನ್ ಚಿತ್ರದಲ್ಲಿ (ಯಾವ ದಿಕ್ಕಿಗೆ ಎಷ್ಟು ಸಿಗ್ನಲ್ ಹೋಗುತ್ತದೆ ಅನ್ನೋ ಚಿತ್ರ) ಎಲ್ಲಿ ಗೇನ್ ಜಾಸ್ತಿ ಅಂತ ನೋಡುವ ಬದಲು ನಿಮ್ಮ ಊರಿನ ಡಿಗ್ರಿಯಲ್ಲಿ ಎಷ್ಟಿದೆ ನೋಡಿ. ಅವರ ಆಸೆಗೆ ಈ ಆಂಟೆನಾ ಹೇಳಿ ಮಾಡಿಸಿದಂತಿತ್ತು.

80 ಮೀಟರಿಗೆ ಹೋದಾಗ

ಮೂರನೇ ಭಾನುವಾರ 80 ಮೀಟರ್. ಅರ್ಧ ಅಲೆಗೆ 40 ಮೀಟರ್ ತಂತಿ ಬೇಕು, ಟೆರೇಸ್ 22. ಅದೇ ಪೈಪಿನಿಂದ, ಒಂದೊಂದು ಕಾಲಿನ ಮಧ್ಯದಲ್ಲಿ 20 ಮೈಕ್ರೊಹೆನ್ರಿಯ ಸುರುಳಿ ಸೇರಿಸಿ, ತುದಿಗಳನ್ನು ಪ್ಯಾರಪೆಟ್ ಪಕ್ಕ ಬಾಗಿಸಿ ಕಟ್ಟಿದರು. ಟೆರೇಸೇ ನೆಲ ಅನ್ನೋದು ಮನಸ್ಸಿಗೆ ಹತ್ತಿದ್ದರಿಂದ, ಈ ಸಲ ಎಂಮಾನಾದಲ್ಲಿ ನೆಲವನ್ನೇ ಟೆರೇಸ್ ಮಟ್ಟಕ್ಕೆ ತಂದು, ಆಂಟೆನಾ ಸರಾಸರಿ 4 ಮೀಟರ್ ಎತ್ತರ ಅಂತ ಬರೆದಿದ್ದರು. ಮಾಡೆಲ್ ಬರೀ 4 ಓಮ್ ಅಂದಿತು. ಮೀಟರ್ 30 ಓಮ್ ಅಂದಿತು. "ಮೀಟರೇ ಒಳ್ಳೆಯದು ಹೇಳ್ತಾ ಇದೆಯಲ್ಲ" ಅಂದರು ಗೆಳೆಯರು.

ಇಲ್ಲಿ ಎರಡು ವಿಷಯ ಕೂಡಿವೆ. ಒಂದು, ಮಿನಿನೆಕ್ ಮಾದರಿಯ ನೆಲ. ಎಂಮಾನಾ ಇಂಪೀಡೆನ್ಸ್ ಲೆಕ್ಕ ಹಾಕುವಾಗ ನೀವು ಯಾವ ನೆಲ ಕೊಟ್ಟರೂ ಅದನ್ನು ನಷ್ಟವೇ ಇಲ್ಲದ ಲೋಹದ ನೆಲ ಅಂತ ಹಿಡಿಯುತ್ತದೆ. ಅಡ್ಡ ತಂತಿ ಅಲೆಯ 0.2 ಪಾಲಿಗಿಂತ ಕೆಳಗಿದ್ದರೆ ಆ ಅಂಕಿ ನಂಬಲು ಬರುವುದಿಲ್ಲ. 40 ಮೀಟರ್ ಬ್ಯಾಂಡಿಗೆ ಆ ಎತ್ತರ 8 ಮೀಟರ್, 80ಕ್ಕೆ 16, 160ಕ್ಕೆ 33. ನಮ್ಮ ಊರುಗಳಲ್ಲಿ 160 ಮೀಟರಿಗೆ 33 ಮೀಟರ್ ಎತ್ತರ ಯಾರಿಗಿದೆ? ಹಾಗಾಗಿ ಕೆಳಗಿನ ಬ್ಯಾಂಡುಗಳಿಗೆ ನೆಕ್-2ರ ಸೊಮ್ಮರ್‌ಫೆಲ್ಡ್ ನೆಲವನ್ನೇ (ನೆಲದ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯುವ ಬಗೆ) ಆರಿಸಿ. ಈಝೀನೆಕ್‌ನಲ್ಲಿ ಅದಕ್ಕೆ ಹೈ ಅಕ್ಯುರಸಿ ಅಂತ ಹೆಸರು. ಮಣ್ಣಿನೊಳಗೆ ಹೂತ ತಂತಿಯನ್ನು ಮಾತ್ರ ನೆಕ್-2 ಲೆಕ್ಕ ಹಾಕಲಾರದು.

ಎರಡು, ಸುರುಳಿ. ಮಾಡೆಲ್‌ನಲ್ಲಿ ಬರೀ 20 ಮೈಕ್ರೊಹೆನ್ರಿ ಬರೆದು, ರೆಸಿಸ್ಟೆನ್ಸ್ ಜಾಗದಲ್ಲಿ ಸೊನ್ನೆ ಬಿಟ್ಟಿದ್ದರು. 3.6 ಮೆಗಾಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ (ಸುರುಳಿ ಒಡ್ಡುವ ನಷ್ಟವಿಲ್ಲದ ತಡೆ) 452 ಓಮ್. ಕ್ಯೂ, ಅಂದರೆ ಆ ತಡೆ ನಷ್ಟದ ಓಮ್‌ನ ಎಷ್ಟು ಪಟ್ಟು ಅನ್ನೋದು, 200 ಅಂತ ಹಿಡಿದರೂ 2.3 ಓಮ್ ನಷ್ಟ ಇದೆ. ಬೇರೆ ಕಡೆ ಇದು ಸಣ್ಣದು. ಆಂಟೆನಾವೇ 4 ಓಮ್ ಇರುವಲ್ಲಿ ಸಣ್ಣದಲ್ಲ.

ಇವೆರಡನ್ನೂ ಸರಿ ಮಾಡಿ, ಸ್ಲ್ಯಾಬ್ ಬಲೆ ಹಾಕಿ ಓಡಿಸಿದರೂ ಮಾಡೆಲ್ 30ಕ್ಕೆ ಏರಲಿಲ್ಲ, 10ರ ಆಸುಪಾಸಿನಲ್ಲಿ ನಿಂತಿತು. ಉಳಿದದ್ದು ಕಾಂಕ್ರೀಟು, ರೇಲಿಂಗ್, ನೀರಿನ ಟ್ಯಾಂಕಿನ ಪೈಪು ಇವುಗಳ ಪಾಲು. 30 ಓಮ್‌ನಲ್ಲಿ ಹೆಚ್ಚಿನ ಭಾಗ ಶಾಖವಾಗಿ ಹೋಗುತ್ತಿದೆ ಅಂತಲೇ ಅರ್ಥ. ಬ್ಯಾಂಡ್‌ವಿಡ್ತ್ (ಡಿಪ್‌ನ ಅಗಲ) ಕೂಡ ಅದನ್ನೇ ಹೇಳಿತು: ಗಿಡ್ಡ ಆಂಟೆನಾ ಕಿರಿದಾದ ಡಿಪ್ ಕೊಡಬೇಕು, ಇದು ಮಾಡೆಲ್‌ಗಿಂತ ಬಹಳ ಅಗಲ ಇತ್ತು. ಮಾಡೆಲ್‌ಗಿಂತ ಅಗಲ ಸಿಕ್ಕರೆ ನಷ್ಟ ಎಲ್ಲಿ ಅಂತ ಹುಡುಕಿ.

ಬಿದಿರಿನ ಗಳ ತಂದು ತುದಿಗಳನ್ನು ನಾಲ್ಕು ಮೀಟರಿಗೆ ಎತ್ತಿದೆವು, ರೇಲಿಂಗ್‌ನಿಂದ ದೂರ ಸರಿಸಿದೆವು. 30 ಇದ್ದದ್ದು 22 ಓಮ್ ಆಯಿತು, ಡಿಪ್ ಕಿರಿದಾಯಿತು. ಎಸ್‌ಡಬ್ಲ್ಯುಆರ್ ಹೆಚ್ಚಾಯಿತು. ಈ ಸಲ ಗೆಳೆಯರು ಬೇಸರ ಮಾಡಿಕೊಳ್ಳಲಿಲ್ಲ, "ಕಡಿಮೆ ನುಂಗ್ತಾ ಇದೆ ಅಲ್ವಾ?" ಅಂದರು.

ಶೆಡ್ ಮತ್ತು ಮಳೆ

ಮೇ ಕೊನೆಯಲ್ಲಿ ಸೊಸೈಟಿಯವರು ಸೋರುವ ಟೆರೇಸಿಗೆ ಅರ್ಧ ಭಾಗ ಪತ್ರಾ (ತಗಡಿನ) ಶೆಡ್ ಹಾಕಿಸಿದರು. ಇಲ್ಲಿ ಬಹಳ ಕಟ್ಟಡಗಳಲ್ಲಿ ಇರುವುದೇ. ಒಂದು ಕಾಲಿನ ತುದಿಯ ಕೆಳಗೆ ಈಗ ತಗಡು. ಎರಡು ಕಾಲು ಸಮ ಇಲ್ಲದಾಗ ಹೊರಮೈ ಕರೆಂಟು ಜಾಸ್ತಿಯಾಗುತ್ತದೆ, ಡಿಪ್ ಕೆಳಗೆ ಜಾರುತ್ತದೆ. ಉದ್ದ ಕಡಿಮೆ ಮಾಡುವ ಮೊದಲು ಇಡೀ ಆಂಟೆನಾವನ್ನು ತಗಡಿಲ್ಲದ ಕಡೆಗೆ ತಿರುಗಿಸಲು ಆಗುತ್ತದಾ ನೋಡಿ. ನಾವು ಮೂಲೆಯಿಂದ ಮೂಲೆಗೆ ತಿರುಗಿಸಿ ಕಟ್ಟಿದೆವು. ತಿರುಗಿಸಲು ಜಾಗ ಇಲ್ಲದವರು ಶೆಡ್ ಕಡೆಯ ತುದಿಯನ್ನಾದರೂ ಎತ್ತರಿಸಲಿ.

ಕೊನೆಗೆ ಮಳೆ. ಜೂನ್‌ನ ಮೊದಲ ಜೋರು ಮಳೆಯ ರಾತ್ರಿ ಗೆಳೆಯರು ಫೋನ್ ಮಾಡಿದರು, 7.09 ಇದ್ದ ಡಿಪ್ 7.06ಕ್ಕೆ ಬಂದಿದೆ ಅಂತ. ನೆನೆದ ತಂತಿ, ನೆನೆದ ಸ್ಲ್ಯಾಬ್, ಅಷ್ಟು ಇಳಿಯುವುದು ಸಹಜ. ಮಾರನೇ ದಿನ ಬಿಸಿಲು ಬಂದ ಮೇಲೆ ಅಳೆಯಲು ಹೇಳಿದೆ. 7.09ಕ್ಕೆ ವಾಪಸ್ ಬಂದಿತ್ತು. ಹಾಗೆ ಬಂದರೆ ತಂತಿ ಮುಟ್ಟಬೇಡಿ. ಒಣಗಿದ ಮೇಲೂ ಕೆಳಗೇ ಉಳಿದರೆ, ಅಥವಾ ಎಸ್‌ಡಬ್ಲ್ಯುಆರ್ ಇದ್ದಕ್ಕಿದ್ದಂತೆ ಚೆನ್ನಾಗಿ ಕಂಡರೆ, ಆಂಟೆನಾ ಬಿಚ್ಚಿ ಕೇಬಲ್‌ನ ರಿಟರ್ನ್ ಲಾಸ್ ಮತ್ತೆ ಅಳೆಯಿರಿ. 2.4 ಇದ್ದದ್ದು ಏರುತ್ತಾ ಹೋದರೆ ನೀರು ಒಳಗೆ ಹೋಗಿದೆ. ಗೆಳೆಯರು ಆ ಅಂಕಿಯನ್ನು ರಿಗ್ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಬರೆದಿಟ್ಟಿದ್ದಾರೆ, ತಾರೀಖಿನ ಜೊತೆ.